ತಕ್ಕಡಿ, ಮಹಜರು ಮತ್ತು ನಮ್ಮ ಸಹಿ

(ಗೌರಿಬಿದನೂರಿನಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಗಾಂಜಾ ಕೇಸು ಎಂದೊಡನೆ ಜನ ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ. ಆ ಮನೆಗೆ ನೆಂಟರು ಬರುವುದು ನಿಲ್ಲುತ್ತದೆ, ಜಾಮೀನಿಗೆ ನಿಲ್ಲುವವರು ಸಿಗುವುದಿಲ್ಲ. ಗಾಂಜಾ ಮಾರಿ ಮಕ್ಕಳನ್ನು ಹಾಳುಮಾಡುವವನ ವಕಾಲತ್ತು ವಹಿಸಲು ನಾವು ಇಲ್ಲಿ ನಿಂತಿಲ್ಲ. ಆದರೆ ಮಾಲಿನ ಒಡೆಯ ಕಾರಿನಲ್ಲಿ ಹೋಗುತ್ತಾನೆ, ಹೊತ್ತವನು ಬಸ್ಸಿನಲ್ಲಿ ಸಿಕ್ಕಿಬೀಳುತ್ತಾನೆ. ಆ ಹೊತ್ತವನು ಯಾರ ಮನೆಯ ಹುಡುಗ?

ಹೀಗೆಂದು ಇಟ್ಟುಕೊಳ್ಳಿ. ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಬ್ಬರು ನಮ್ಮ ಹುಡುಗನ ಕೈಗೆ ಚೀಲ ಕೊಟ್ಟು, "ಗೌರಿಬಿದನೂರಲ್ಲಿ ಇಳಿಸಪ್ಪ, ನಮ್ಮವರು ಬಂದು ತಗೊಳ್ತಾರೆ" ಎನ್ನುತ್ತಾರೆ. ಐನೂರು ರೂಪಾಯಿ ಕೂಲಿ. ದಾರಿಯಲ್ಲಿ ತಪಾಸಣೆ.

ಇದು ಸಾರಾಯಿ ಕೇಸಿನಂತಲ್ಲ. ಹೆಂಡಸಾರಾಯಿಗೆ ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆ. ಗಾಂಜಾಕ್ಕೆ 1985ರ ಕೇಂದ್ರ ಕಾಯ್ದೆ, ಎನ್.ಡಿ.ಪಿ.ಎಸ್. ಪೊಲೀಸರೂ ಅಬಕಾರಿಯವರೂ ಇದರಡಿ ದಸ್ತಗಿರಿ ಮಾಡಬಹುದು. ಮಾಲು ಹುಡುಗನ ವಶದಲ್ಲಿತ್ತೆಂದು ಸರ್ಕಾರ ರುಜುವಾತು ಮಾಡಿದರೆ ಸಾಕು, ಅದೇನೆಂದು ಅವನಿಗೆ ತಿಳಿದೇ ಇತ್ತೆಂದು ಕೋರ್ಟು ಭಾವಿಸುತ್ತದೆ. ತಿಳಿದಿರಲಿಲ್ಲ ಎಂಬುದನ್ನು ಅವನೇ ರುಜುವಾತು ಮಾಡಬೇಕು. "ನನಗೆ ಗೊತ್ತಿರಲಿಲ್ಲ ಸ್ವಾಮಿ" ಎಂಬ ಬಾಯಿಮಾತು ಅಲ್ಲಿ ನಡೆಯದು. ಚೀಲ ಕೊಟ್ಟವನ ಫೋನು, ಬಸ್ಸಿನ ಟಿಕೆಟ್ಟು, ಕಂಡವರ ಹೆಸರು, ಇವು ಮೊದಲ ದಿನವೇ ವಕೀಲರ ಕೈ ಸೇರಬೇಕು.

ಆಮೇಲೆ ತೂಕ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂರು ಗ್ರಾಮಿಗೂ ಜಗಳಕ್ಕೆ ನಿಲ್ಲುವವರು ನಾವು. ಇಲ್ಲಿ ಕೇಳುವುದೇ ಇಲ್ಲ. ಗಾಂಜಾ 1 ಕಿಲೋಗಿಂತ ಕಡಿಮೆಯಿದ್ದರೆ ಸಣ್ಣ ಪ್ರಮಾಣ. ಹೆಚ್ಚೆಂದರೆ 1 ವರ್ಷ ಸಜೆ, 10 ಸಾವಿರ ದಂಡ. ಅದನ್ನು ಮೀರಿದರೆ 10 ವರ್ಷದವರೆಗೆ. 20 ಕಿಲೋ ಮೀರಿತೋ, ಕನಿಷ್ಠವೇ 10 ವರ್ಷ, 20ರವರೆಗೂ ಹೋಗಬಹುದು. ದಂಡ 1 ಲಕ್ಷಕ್ಕೆ ಕಡಿಮೆಯಿಲ್ಲ, ಜಾಮೀನು ಬಹು ದುರ್ಲಭ. ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂ-ಕಾಯಿಯ ತುದಿಗೆ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಅದಕ್ಕೆ ಸೇರವು. ಚೀಲದಲ್ಲಿ ಏನಿತ್ತು, ಹೇಗೆ ತೂಗಿದರು ಎಂದು ವಕೀಲರು ಕೇಳಲೇಬೇಕು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಕಾಲದಲ್ಲಿ ಒಂದು ಕಿಲೋ ಇಷ್ಟು ದುಬಾರಿಯಾದೀತೆಂದು ನಾವು ಎಣಿಸಿರಲಿಲ್ಲ. ಪರೀಕ್ಷೆಗೆ ಕಳಿಸುವ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮೈ ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲೇ ಶೋಧ ನಡೆಯಲಿ ಎಂದು ಕೇಳುವ ಹಕ್ಕಿದೆಯೆಂದು ತಿಳಿಸಬೇಕು. ಈ ಹಕ್ಕು ಮೈಗೆ ಮಾತ್ರ, ಕೈಚೀಲಕ್ಕಿಲ್ಲ. ಹೆಂಗಸರ ಮೈಯನ್ನು ಹೆಂಗಸರೇ ಶೋಧಿಸಬೇಕು. ಈ ಕಾಯ್ದೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗದೆಂದು 2020ರಲ್ಲಿ ತೀರ್ಪಾಗಿದೆ.

ಇನ್ನು ವರ್ತಕ ಮಿತ್ರರಿಗೆ ಒಂದು ಮಾತು. ಚಿಂತಾಮಣಿಯಲ್ಲಾಗಲಿ ಚಿಕ್ಕಬಳ್ಳಾಪುರದಲ್ಲಾಗಲಿ, ಬಸ್‌ಸ್ಟ್ಯಾಂಡಿನ ಬಳಿ ಅಂಗಡಿ ಇಟ್ಟವರನ್ನು ಪಂಚರಾಗಲು ಕರೆಯುತ್ತಾರೆ. ವ್ಯಾಪಾರದ ಹೊತ್ತು, ಗಿರಾಕಿ ಕಾಯುತ್ತಿದ್ದಾನೆ. ತೂಗಿದ್ದು ಕಾಣದೆ, ಮೊಹರು ಹಾಕಿದ್ದು ನೋಡದೆ, ಮಹಜರಿಗೆ ಸಹಿ ಹಾಕಿ ಬಂದುಬಿಡುತ್ತೇವೆ. ವರ್ಷಗಳ ಮೇಲೆ ಕಟಕಟೆಯಲ್ಲಿ, "ನಾನೇನೂ ನೋಡಿಲ್ಲ, ಸಹಿ ಮಾತ್ರ ಹಾಕಿದೆ" ಎನ್ನುತ್ತೇವೆ. ತಪ್ಪಿತಸ್ಥನಾದರೆ ಅವನು ಇದರಿಂದ ಪಾರಾಗುತ್ತಾನೆ. ನಿರಪರಾಧಿಯಾದರೆ ಆ ವರ್ಷಗಳನ್ನೆಲ್ಲ ಜೈಲಿನಲ್ಲಿ ಕಳೆದಿರುತ್ತಾನೆ. ಎರಡಕ್ಕೂ ನಮ್ಮ ಸಹಿಯೇ ಕಾರಣ.

ಹೋಗುವುದಿಲ್ಲ ಎನ್ನಬಹುದೇ ಎಂದು ಈಗತಾನೆ ಒಬ್ಬರು ಕೇಳಿದರು. ಬರಹದಲ್ಲಿ ಕರೆದರೆ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಆದ್ದರಿಂದ ಹೋಗಿ. ತಕ್ಕಡಿಯ ಮುಂದೆ ನಿಂತು ನೋಡಿ, ಓದಿಸಿ ಕೇಳಿ, ಕಂಡಷ್ಟಕ್ಕೆ ಮಾತ್ರ ಸಹಿ ಹಾಕಿ.

ವಕೀಲರ ಫೀಸಿಗೆ ಓಲೆ, ಉಂಗುರ ಮಾರುವ ಮೊದಲು ಇದನ್ನೂ ಕೇಳಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಅದೇ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕ ಎಂದೂ ಬರೆದಿದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ಬರೆಯಲು ಬಾರದವರು ಸಭೆ ಮುಗಿದ ಮೇಲೆ ನಮ್ಮ ಹತ್ತಿರ ಬನ್ನಿ, ಬರೆದುಕೊಡುತ್ತೇವೆ.