ಹೊಸ ಕಾಲದ ದಫ್ತರದಾರ



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದ. ಇಳಕಲ್ಲಿನ ನೇಕಾರ ಮನೆತನದವನು. ಡೇಟಾಬೇಸ್ ನೋಡಿಕೊಳ್ಳುವ ನೌಕರಿ ಅವನಿಗೆ ದೊರೆತಿತ್ತು. “ಸರ, ಮೊದಲ ಏನ ಕಲೀಬೇಕ್ರಿ?” ಎಂದು ಕೇಳಿದ. ಕನ್ನಡ ಪಂಡಿತನನ್ನು ಕೇಳುವ ಪ್ರಶ್ನೆಯೆ ಇದು ಎಂದು ನೀವು ನಗಬಹುದು. ಆದರೂ ಹೇಳುವುದಕ್ಕೆ ನನ್ನಲ್ಲಿ ನಾಲ್ಕು ಮಾತುಗಳಿದ್ದವು.

ಡೇಟಾಬೇಸ್ ಎಂದರೆ ದಫ್ತರ. ನಮ್ಮ ಹಿರಿಯರು ಕುಲಕರ್ಣಿಯ ಮನೆಯಲ್ಲಿ ರುಮಾಲಿನ ಗಂಟಾಗಿ ಕಂಡದ್ದು, ಆಮೇಲೆ ತಲಾಠಿಯ ಕೈಗೆ ಬಂದದ್ದು, ಇಂದು ಕಂಪ್ಯೂಟರಿನೊಳಗಿದೆ. ಈ ಶತಮಾನದ ಆರಂಭದ ಹೊತ್ತಿಗೆ ರಾಜ್ಯ ಸರಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಲೇಖಣಿ ಹಿಡಿದು ರೂಢಿಯಾಗಿದ್ದ ತಲಾಠಿಗಳನ್ನೆ ಆರಿಸಿ, ತರಬೇತಿ ಕೊಟ್ಟು, ತಾಲೂಕು ಕೇಂದ್ರಗಳಲ್ಲಿ ಕೂರಿಸಿದರು.

ದಫ್ತರದಲ್ಲಿ ಒಂದಕ್ಷರ ತಪ್ಪಿದರೆ ಏನಾಗುವುದೆಂಬುದನ್ನು ನಾನು ಅನುಭವದಿಂದ ಬಲ್ಲೆ. ಆಲಮಟ್ಟಿಯ ಹಿನ್ನೀರಿನಲ್ಲಿ ನಮ್ಮ ಹೊಲ ಮುಳುಗಡೆಯಾದಾಗ, ಉತಾರದಲ್ಲಿ ನಮ್ಮ ತಂದೆಯವರ ಹೆಸರಿನ ಒಂದಕ್ಷರ ಬೇರೆಯಾಗಿತ್ತು. ‘ಆತನೇ ನಾನು’ ಎಂದು ರುಜುವಾತು ಮಾಡಲು ಅವರು ಎಂಟು ತಿಂಗಳು ಕಚೇರಿಯೊಂದರ ಮೆಟ್ಟಿಲು ಹತ್ತಿ ಇಳಿದರು.

ಆದುದರಿಂದ ಹುಡುಗನಿಗೆ ಮೊದಲ ಪಾಠ ಹೆಸರಿನದಾಯಿತು. ಇಳಕಲ್, ಇಲಕಲ್, ಇಳಕಲ್ಲ ಎಂದು ಜನ ಬರೆಯುತ್ತಾರೆ. ನಮಗೆ ಅದು ಒಂದೇ ಊರು, ಯಂತ್ರಕ್ಕೆ ಮೂರು. ಕೊನೆಯ ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ ಸಂಕೇತವೊಂದು ಸೇರಿಕೊಂಡರೆ, ನೋಡಲು ಒಂದೇ ತೆರನಾದ ಎರಡು ‘ಇಳಕಲ್’ಗಳನ್ನೂ ಯಂತ್ರ ಬೇರೆಯೆಂದೇ ಎಣಿಸುತ್ತದೆ. ಹೊಲಕ್ಕೆ ಸರ್ವೆ ನಂಬರಿರುವಂತೆ ಪ್ರತಿಯೊಂದು ದಾಖಲೆಗೂ ಅದರದೇ ಆದ ಸಂಖ್ಯೆ ಇರಬೇಕು. ‘ಪ್ರೈಮರಿ ಕೀ’ ಎನ್ನುವುದು ಇದಕ್ಕೇ.

ಎರಡನೆಯದು ತಿದ್ದುವ ಅಧಿಕಾರ. ನಮ್ಮ ದತ್ತಿ ಶಾಸನಗಳ ಕೊನೆಗೆ ಶಾಪಾಶಯ ಬರುತ್ತದೆ. ದತ್ತಿಯನ್ನು ಅಳಿದವನು ಘೋರ ಪಾಪಕ್ಕೆ ಗುರಿಯಾಗುತ್ತಾನೆ. ಶಾಪಕ್ಕೆ ಅಂಜದವರ ಕಾಲದಲ್ಲಿ ಬೇರೆ ಬೀಗ ಬೇಕು. ನೋಡುವವರಾರು, ಬರೆಯುವವರಾರು, ಅಳಿಸುವವರಾರು ಎಂದು ಅಧಿಕಾರವನ್ನು ಹಂಚಬೇಕು. ತಿದ್ದಿದವರ ಹೆಸರೂ ಹೊತ್ತೂ ತಾನಾಗಿ ದಾಖಲಾಗಬೇಕು. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. 634ರ ಶಾಸನವನ್ನು ರಚಿಸಿದ ರವಿಕೀರ್ತಿ ತನ್ನ ಹೆಸರನ್ನೂ ಶಕವರ್ಷವನ್ನೂ ಹೇಳಲು ಮರೆಯಲಿಲ್ಲ. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಿನ ಗುರುತು ಕೊಟ್ಟೇ ಒಳಹೋಗುವಂತೆ ಮಾಡಿದ್ದರಲ್ಲೂ ಈ ವಿವೇಕವಿತ್ತು.

ಮೂರನೆಯದು ಅಭ್ಯಾಸ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶಗಳು ಕಾಸಿಲ್ಲದೆ ಸಿಗುತ್ತವೆ. ಮನೆಯ ಕಂಪ್ಯೂಟರಿನಲ್ಲಿಯೇ ಕಲಿಯಬಹುದು. ಅವುಗಳ ಭಾಷೆಯಾದ ಎಸ್‌ಕ್ಯೂಎಲ್‌ಗೂ ವ್ಯಾಕರಣವುಂಟು. ‘ಅಪ್‌ಡೇಟ್’ ಎಂಬ ಕ್ರಿಯಾಪದಕ್ಕೆ ‘ವೇರ್’ ಎಂಬ ನಿಬಂಧನೆ ಸೇರಿಸಲು ಮರೆತರೆ, ಒಬ್ಬನ ಹೆಸರು ತಿದ್ದಲು ಹೋಗಿ ಊರಿಗೆಲ್ಲ ಅದೇ ಹೆಸರಿಟ್ಟಂತಾಗುತ್ತದೆ. ಮೊದಲು ‘ಸೆಲೆಕ್ಟ್’ ಎಂದು ಆ ಸಾಲುಗಳನ್ನು ಕಣ್ಣಾರೆ ನೋಡಬೇಕು. ತಿದ್ದುವುದನ್ನು ‘ಟ್ರಾನ್ಸಾಕ್ಷನ್’ ಒಳಗೇ ಮಾಡಬೇಕು. ತಪ್ಪಿದರೆ ‘ರೋಲ್‌ಬ್ಯಾಕ್’ ಎಂದು ಹಿಂದಕ್ಕೆ ಬರಬಹುದು.

ನಾಲ್ಕನೆಯದು ನಕಲು ಪ್ರತಿ. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿ ಬರೆಯಿಸಿದ್ದು ಶಕ 465ರಿಂದ, ಎಂದರೆ ಕ್ರಿ.ಶ. 543ರಿಂದ ಉಳಿದು ಬಂದಿದೆ. ಕಂಪ್ಯೂಟರಿನ ಡಿಸ್ಕಿಗೆ ಆ ಆಯುಷ್ಯವಿಲ್ಲ. ಪ್ರತಿ ತೆಗೆದು ಬೇರೆ ಸ್ಥಳದಲ್ಲಿಡಬೇಕು. ಇಟ್ಟರೆ ಸಾಲದು, ಅದರಿಂದ ದಫ್ತರವನ್ನು ಮರಳಿ ಕಟ್ಟಿ ನೋಡಬೇಕು.

ಹುಡುಗ ಮೊನ್ನೆ ಫೋನು ಮಾಡಿದ್ದ. ಮನೆಯ ಮಗ್ಗದ ಸೀರೆಗಳ ಲೆಕ್ಕವನ್ನೆಲ್ಲ ಬರೆದು, ತಾನೇ ಅಳಿಸಿ, ಪ್ರತಿಯಿಂದ ಮರಳಿ ತಂದನಂತೆ. “ಒಂದ ಸೀರಿ ಕಡಿಮಿ ಬಂತ್ರಿ ಸರ” ಎಂದ. ಪ್ರತಿ ತೆಗೆದ ಮೇಲೆ ಬರೆದ ಸೀರೆ ಅದು. “ಆ ಸೀರಿ ಯಾರದರೆ ಹೊಲ ಆಗಿದ್ದರ?” ಎಂದು ಕೇಳಿದೆ. ಅವನು ಸುಮ್ಮನಾದ. ಅವನಿಗೆ ಪಾಠ ಹತ್ತಿತೆಂದು ನಾನು ತಿಳಿದೆ.