ಗಾನವೃಂದದ ಮಂದ್ರಸ್ವರ
(ಶತಮಾನೋತ್ಸವದ ಅಂಗವಾಗಿ ಸೇರಿದ್ದ ಗಾನವೃಂದಗಳ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿಸಿದವರನ್ನು, ಬೆಳೆಸಿದವರನ್ನು ಸ್ಮರಿಸುವುದು ಯುಕ್ತವೇ. ಆ ಕಾರ್ಯವನ್ನು ನನಗಿಂತ ಬಲ್ಲವರು ಈಗಾಗಲೇ ನೆರವೇರಿಸಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ಅಷ್ಟು ಘನವಾದುದಲ್ಲ. ಗಾಯಕರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿರುವ ಕಪ್ಪು ಪೆಟ್ಟಿಗೆ, ಅಂದರೆ ಬೇಸ್ ಗಿಟಾರಿನ ಧ್ವನಿವರ್ಧಕ, ನಮ್ಮಲ್ಲಿಗೆ ಹೇಗೆ ಬಂತು, ಅದನ್ನು ಹೇಗೆ ಬಳಸಬೇಕು ಎಂಬುದನ್ನು ತಿಳಿಸಬೇಕೆಂದು ಅಪ್ಪಣೆಯಾಗಿದೆ. ಇದನ್ನು ಹೊರಗೆ ಹಾಕಿ ಎಂದು ಒಂದು ಕಾಲದಲ್ಲಿ ಹೇಳಿದ ಹಿರಿಯರೂ ಇಲ್ಲಿ ಕುಳಿತಿದ್ದಾರೆ. ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಅದನ್ನೇ ಮೊದಲು ಹೇಳುತ್ತೇನೆ.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಅವುಗಳಲ್ಲಿ ಅತ್ಯಂತ ದಪ್ಪನಾದುದನ್ನು ಮಿಡಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆ ನಾದದ ಒಂದೊಂದು ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಮಿಗಿಲು, ನಮ್ಮ ಲೆಕ್ಕದಲ್ಲಿ ಇಪ್ಪತ್ತೇಳು ಅಡಿ. ಅಂತಹ ಅಲೆಯನ್ನು ಎಬ್ಬಿಸಬೇಕಾದರೆ ಸ್ಪೀಕರು ಬಹಳ ಗಾಳಿಯನ್ನು ತಳ್ಳಬೇಕು. ದೇವಾಲಯದ ಗೋಡೆಗೆ ತೂಗುಹಾಕಿರುವ ಕಾಲಂ ಸ್ಪೀಕರುಗಳನ್ನು ಮಾಡಿರುವುದು ಮನುಷ್ಯನ ಮಾತಿಗಾಗಿ. ಅವುಗಳೊಳಗಿನ ಚಿಕ್ಕ ಕೋನ್‌ಗಳಿಗೆ ಈ ಹೊರೆಯನ್ನು ಹೊರುವ ಶಕ್ತಿಯಿಲ್ಲ.

ಇದನ್ನು ನಾವು ತಿಳಿದದ್ದು ಕೆಟ್ಟ ಮೇಲೆ. ಒಂದು ಪಾಸ್ಖ ಜಾಗರಣೆಯ ರಾತ್ರಿ, ಬೇರೆ ಧ್ವನಿವರ್ಧಕವಿಲ್ಲದ ಕಾರಣ, ಬೇಸ್ ಗಿಟಾರನ್ನು ದೇವಾಲಯದ ಧ್ವನಿವರ್ಧಕಕ್ಕೇ ಜೋಡಿಸಿದೆವು. ನುಡಿಸಿದವನು ನಾನೇ. ಮಹಿಮಾಗೀತೆಯಲ್ಲಿ ಗಂಟೆಗಳು ಮೊಳಗಿದವು, ನಾನೂ ಉತ್ಸಾಹದಿಂದ ಗುಂಡಿಯನ್ನು ತಿರುಗಿಸಿದೆ. ಒಂದು ಸ್ಪೀಕರು ಬಾಯಿ ಮುಚ್ಚಿತು, ಮತ್ತೊಂದು ಒಡೆದ ಮಡಕೆಯಂತೆ ಗರಗರ ಎನ್ನತೊಡಗಿತು. ಆ ಬಳಿಕ ಗುರುಗಳು ಓದಿದ ಶುಭಸಂದೇಶ ಮುಂದಿನ ನಾಲ್ಕು ಸಾಲುಗಳಾಚೆ ಯಾರಿಗೂ ಕೇಳಿಸಲಿಲ್ಲ. ಕಣ್ಣು ಮಂಜಾಗಿ ಪುಸ್ತಕ ಓದಲಾಗದೆ, ಬರಿಯ ಕಿವಿಯಿಂದಲೇ ಪೂಜೆಯಲ್ಲಿ ಭಾಗಿಯಾಗುತ್ತಿದ್ದ ಒಬ್ಬ ತಾಯಿ ಹೊರಗೆ ಬಂದು ನನ್ನ ಕೈ ಹಿಡಿದು, "ಯೇಸುಸ್ವಾಮಿ ಎದ್ದು ಬಂದ ಸುದ್ದಿ ಈ ವರ್ಷ ನನಗೆ ಕೇಳ್ಸಲೇ ಇಲ್ಲ ಕಣಪ್ಪ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಇಂತಹ ವಾದ್ಯಗಳಿಗೆ ದೇವಾಲಯದಲ್ಲಿ ಎಡೆಯುಂಟೇ ಎಂಬ ಪ್ರಶ್ನೆ ಆಗ ಎದ್ದಿತು. 1903ರಲ್ಲಿ ಹತ್ತನೆಯ ಭಕ್ತಿನಾಥ ಜಗದ್ಗುರುಗಳು ಪಿಯಾನೋವನ್ನೂ ಡೋಲಿನಂತಹ ಸದ್ದಿನ ವಾದ್ಯಗಳನ್ನೂ ದೇವಾಲಯದಲ್ಲಿ ನಿಷೇಧಿಸಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿಗೆ ಅಗ್ರಸ್ಥಾನವನ್ನು ಉಳಿಸಿಕೊಂಡು, ಪವಿತ್ರ ಕಾರ್ಯಕ್ಕೆ ಯೋಗ್ಯವಾದ ಇತರ ವಾದ್ಯಗಳಿಗೂ ಅಧಿಕಾರಿಗಳ ಸಮ್ಮತಿಯಿಂದ ಬಾಗಿಲು ತೆರೆಯಿತು. 1967ರ ಮಾರ್ಚಿಯಲ್ಲಿ ಹೊರಟ ಸಂಗೀತದ ಆದೇಶಪತ್ರ ಇನ್ನೂ ಸ್ಪಷ್ಟ: ವಾದ್ಯವು ಕಂಠಕ್ಕೆ ಆಸರೆಯಾಗಬಹುದು, ಆದರೆ ಪದಗಳು ಕೇಳಿಸದಂತೆ ಅದನ್ನು ಮುಚ್ಚಬಾರದು. ಆಗಮನಕಾಲ, ತಪಸ್ಸುಕಾಲಗಳಲ್ಲಿ ಬರಿಯ ವಾದ್ಯವಾದನ ಸಲ್ಲದೆಂದೂ ಅದರಲ್ಲಿದೆ. ಆ ತಾಯಿ ಈ ಪತ್ರವನ್ನು ಓದಿರಲಿಲ್ಲ, ಆದರೆ ಅವರ ದೂರು ಅಕ್ಷರಶಃ ಅದೇ ಆಗಿತ್ತು.

ಹಾಗಾದರೆ ಬೇಸ್ ಗಿಟಾರೇ ಬೇಡವೆನ್ನಬಹುದಿತ್ತು. ಆದರೆ ಮಂದ್ರಸ್ವರವೊಂದು ಕೆಳಗೆ ನಿಂತಿದ್ದರೆ ಜನ ಧೈರ್ಯವಾಗಿ ಹಾಡುತ್ತಾರೆ, ಶ್ರುತಿ ಜಾರುವುದೂ ಕಡಿಮೆ ಎಂಬುದನ್ನು ನಾವು ಕಂಡಿದ್ದೆವು. ಆದ್ದರಿಂದ ಅದಕ್ಕೆ ಪ್ರತ್ಯೇಕವಾದ ಪೆಟ್ಟಿಗೆಯೊಂದು ಅವಶ್ಯವಾಯಿತು. ಮಾಡು ಸೋರುತ್ತಿರುವಾಗ ಪೆಟ್ಟಿಗೆಗೆ ದುಡ್ಡೇ ಎಂದು ಸಭೆಯಲ್ಲಿ ಮಾತು ಬಂತು. ನ್ಯಾಯವಾದ ಮಾತು. ದೇವಾಲಯದ ನಿಧಿಯಿಂದ ಒಂದು ಪೈಸೆಯನ್ನೂ ಮುಟ್ಟದೆ, ಗಾಯಕರೇ ತಿಂಗಳು ತಿಂಗಳು ಕೈಲಾದಷ್ಟು ಕೂಡಿಸಿ, ಒಬ್ಬರು ಬಳಸಿ ಮಾರಲಿಟ್ಟಿದ್ದ ಪೆಟ್ಟಿಗೆಯನ್ನು ಹೊಸದರ ಅರ್ಧ ಬೆಲೆಗೆ ಕೊಂಡೆವು. ಧ್ವನಿವರ್ಧಕ ಮತ್ತು ಸ್ಪೀಕರು ಒಂದೇ ಗೂಡಿನಲ್ಲಿರುವ ಇಂತಹದನ್ನು ಕಾಂಬೋ ಎನ್ನುತ್ತಾರೆ. ನಮ್ಮದು ನಲವತ್ತು ವಾಟಿನದು, ಹತ್ತು ಅಂಗುಲದ ಸ್ಪೀಕರು.

ನಲವತ್ತು ವಾಟ್ ಸಾಲದು, ನೂರಾದರೂ ಬೇಕು ಎಂದು ತರುಣರು ಹೇಳುತ್ತಾರೆ. ಕಿವಿಗೆ ಎರಡರಷ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಆದ್ದರಿಂದ ನಲವತ್ತಕ್ಕೂ ಎಂಬತ್ತಕ್ಕೂ ಬೆಲೆಯಲ್ಲಿರುವಷ್ಟು ಅಂತರ ಸದ್ದಿನಲ್ಲಿಲ್ಲ. ಅಮೆರಿಕೆಯ ಲಿಯೋ ಫೆಂಡರ್ 1951ರಲ್ಲಿ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದು, ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಎಂಬ ಪೆಟ್ಟಿಗೆಯನ್ನು ಮಾಡಿದಾಗ ಅದರಲ್ಲಿದ್ದದ್ದು ಒಂದೇ ಸ್ಪೀಕರು. 1960ರಲ್ಲಿ ಬಂದ ಆಂಪೆಗ್ ಬಿ-15 ಸುಮಾರು ಇಪ್ಪತ್ತೈದು ವಾಟಿನದು. ಲೋಕದ ಎಷ್ಟೋ ಪ್ರಸಿದ್ಧ ಹಾಡುಗಳು ಅದರಿಂದ ಧ್ವನಿಮುದ್ರಣಗೊಂಡಿವೆ. ನಮ್ಮ ಊರುಗಳ ದೇವಾಲಯಕ್ಕೆ ಇದು ಸಾಲದೆ? ವಾಟಿಗಿಂತ ಸ್ಪೀಕರಿನ ಅಗಲವನ್ನು ನೋಡಿ. ಹಳೆಯದನ್ನು ಕೊಳ್ಳುವಾಗ ನಿಮ್ಮದೇ ಗಿಟಾರನ್ನು ಒಯ್ದು, ದಪ್ಪ ತಂತಿಯನ್ನು ನಿಧಾನವಾಗಿ, ಬಹಳ ಹೊತ್ತು ಮಿಡಿಯಿರಿ. ಕೋನ್ ಹರಿದಿದ್ದರೆ ಅದು ಮುಚ್ಚಿಡದೆ ಹೇಳುತ್ತದೆ. ಸಾದಾ ಗಿಟಾರಿನ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ತಂದು ಅದರಲ್ಲಿ ಬೇಸ್ ನುಡಿಸಿದರೆ ನಮ್ಮ ಪಾಸ್ಖದ ಕತೆಯೇ ಆದೀತು.

ಪೆಟ್ಟಿಗೆ ಬಂದರೂ ಮೊದಲ ಭಾನುವಾರವೇ ಆ ತಾಯಿ, "ಗುಡುಗಿದಂಗೆ ಆಗ್ತದೆ, ಪದ ಹತ್ತಲ್ಲ" ಎಂದರು. ಶನಿವಾರ ಸಂಜೆಯ ಅಭ್ಯಾಸದಲ್ಲಿ ಎಲ್ಲವೂ ಸರಿಯಾಗಿತ್ತಲ್ಲ ಎಂದು ನಾವು ತಲೆ ಕೆಡಿಸಿಕೊಂಡೆವು. ಆಮೇಲೆ ಅರಿವಾಯಿತು: ಜನ ತುಂಬಿದಾಗ ಅವರ ಮೈಯೂ ಬಟ್ಟೆಯೂ ಮಾತಿನ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ, ಮಂದ್ರವನ್ನು ಅಷ್ಟಾಗಿ ಹೀರುವುದಿಲ್ಲ. ಖಾಲಿ ದೇವಾಲಯದಲ್ಲಿ ಹದವಾಗಿದ್ದುದು ತುಂಬಿದ ದೇವಾಲಯದಲ್ಲಿ ಬೇಸಿನ ಕಡೆಗೆ ವಾಲುತ್ತದೆ. ಮೇಲಾಗಿ ಪೆಟ್ಟಿಗೆಯನ್ನು ನಾವು ಮೂಲೆಯಲ್ಲಿ, ನೆಲದ ಮೇಲೆ ಇಟ್ಟಿದ್ದೆವು. ಎರಡು ಗೋಡೆ, ಒಂದು ನೆಲ ಸೇರಿ ಮಂದ್ರವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ನುಡಿಸುವವನಿಗೋ ಅದು ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗೆ ಕೇಳಿಸುವುದಿಲ್ಲ! ಆದ್ದರಿಂದ ಅವನು ಮತ್ತಷ್ಟು ಹೆಚ್ಚಿಸುತ್ತಾನೆ. ಈಗ ಅದನ್ನು ಗೋಡೆಯಿಂದ ದೂರಕ್ಕೆ ಎಳೆದು, ಬೆಂಚಿನ ಮೇಲೇರಿಸಿ, ಮುಖವನ್ನು ಕೊಂಚ ಮೇಲಕ್ಕೆ ವಾಲಿಸಿದ್ದೇವೆ. ಬೇಸ್ ಎಂದು ಬರೆದಿರುವ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಟ್ಟು, ನಡುವಿನದನ್ನು ತುಸು ಏರಿಸುತ್ತೇವೆ. ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ತಬಲದ ಡಗ್ಗಾ ಬಾರಿಸುವವರು ಪಕ್ಕದಲ್ಲಿದ್ದರೆ ಇನ್ನೂ ತಗ್ಗಿಸಬೇಕು, ಏಕೆಂದರೆ ಇಬ್ಬರದೂ ಒಂದೇ ನೆಲೆ.

ಇನ್ನು ವಿದ್ಯುತ್ತಿನ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ನುಡಿಸುವವನ ಬೆರಳು ಲೋಹದ ತಂತಿಯ ಮೇಲಿರುತ್ತದೆ, ಆ ತಂತಿ ಪೆಟ್ಟಿಗೆಯ ಅರ್ತಿಂಗ್‌ಗೆ ಸೇರಿರುತ್ತದೆ. ಅವನೇ ಹಾಡುವಾಗ ತುಟಿ ಮೈಕಿಗೆ ತಗುಲುತ್ತದೆ. ಎರಡರಲ್ಲಿ ಒಂದಕ್ಕೆ ಅರ್ತಿಂಗ್ ಇಲ್ಲದೆ ಅದರ ಲೋಹಕ್ಕೆ ವಿದ್ಯುತ್ ಸೋರಿದ್ದರೆ ಅದು ಅವನ ಮೈಯ ಮೂಲಕ ಹರಿಯುತ್ತದೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಮೃತನಾದ. ಆದಕಾರಣ ಮೈಕಿನ ಧ್ವನಿವರ್ಧಕವನ್ನೂ ನಮ್ಮ ಪೆಟ್ಟಿಗೆಯನ್ನೂ ಅರ್ತಿಂಗ್ ಇರುವ ಒಂದೇ ಬೋರ್ಡಿಗೆ ಹಾಕುವುದು ನಮ್ಮ ಕಟ್ಟುನಿಟ್ಟು. ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವವರಿಗೆ ಪೆಟ್ಟಿಗೆಯನ್ನು ಕೊಡುವುದಿಲ್ಲ. ಅಮೆರಿಕೆಯಿಂದ ಬಂಧುಗಳು ಪೆಟ್ಟಿಗೆ ತಂದರೆ ಅದು 120 ವೋಲ್ಟಿನದೇ ಎಂದು ಮೊದಲು ಹಿಂಬದಿಯಲ್ಲಿ ಓದಿ. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಉಳಿಯುವುದು ಹೊಗೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಕೇಳಿಬರುವ ಗುಂಯ್ ಎಂಬ ಸದ್ದು ವಿದ್ಯುತ್ತಿನ 50 ಕಂಪನಗಳದು. ದಪ್ಪ ತಂತಿಯ ಮೂರನೆಯ ಮನೆಯ ಸ್ವರಕ್ಕೆ 49 ಕಂಪನ. ನಮ್ಮ ಒಬ್ಬ ತರುಣ ಆ ಗುಂಯ್‌ಗೆ ತಂತಿಯನ್ನು ಶ್ರುತಿ ಮಾಡಲು ಹೊರಟಿದ್ದ!

ಬಯಲಿನಲ್ಲಿ ಹಬ್ಬದ ಪೂಜೆ ನಡೆಯುವಾಗ ಈ ಪೆಟ್ಟಿಗೆ ಸಾಲದು. ಗೋಡೆಗಳಿಲ್ಲದ ಕಡೆ ಮಂದ್ರ ಚದುರಿಹೋಗುತ್ತದೆ, ಮೇಲೆ ನಮ್ಮ ದುರ್ಗದ ಗಾಳಿ. ಅಲ್ಲಿ ಪೆಟ್ಟಿಗೆಯ ಹಿಂದಿರುವ ಲೈನ್ ಔಟ್‌ನಿಂದ ಬಾಡಿಗೆಯ ಧ್ವನಿವರ್ಧಕದವರಿಗೆ ತಂತಿ ಕೊಟ್ಟು, ಇದನ್ನು ನುಡಿಸುವವನ ಕಿವಿಗಷ್ಟೇ ಇಟ್ಟುಕೊಳ್ಳಬೇಕು. ಒಬ್ಬನೇ ಎತ್ತಿ ಬಸ್ಸಿಗೆ ಹಾಕಿಕೊಳ್ಳಬಹುದಾದ ತೂಕವಾದ್ದರಿಂದ ಹಿರಿಯೂರಿಗೂ ಹೊಳಲ್ಕೆರೆಗೂ ಅದು ಹೋಗಿಬಂದಿದೆ. ಧೂಳು ಕಾಣದಂತೆ ದಪ್ಪ ಬಟ್ಟೆಯ ಹೊದಿಕೆ ಹೊಲಿಸಿದ್ದೇವೆ. ಹಿಂಬದಿಯ ಕಿಂಡಿಗೆ ಇಲಿ ಹೊಕ್ಕದಂತೆ ಜಾಲರಿ ಬಡಿಸಿದ್ದೇವೆ. ನುಡಿಸುವಾಗ ಮಾತ್ರ ಹೊದಿಕೆ ತೆಗೆಯಬೇಕು, ಇಲ್ಲವಾದರೆ ಕಾಯುತ್ತದೆ.

ಆ ತಾಯಿ ಈಗಲೂ ಮೂರನೆಯ ಸಾಲಿನಲ್ಲಿಯೇ ಕೂರುತ್ತಾರೆ. ಪೆಟ್ಟಿಗೆಯನ್ನು ಅವರು ಹೊಗಳಿಲ್ಲ. ಪೂಜೆ ಆರಂಭವಾಗುವ ಮುನ್ನ ಗಾಯಕರಲ್ಲಿ ಒಬ್ಬಳು ಅವರ ಪಕ್ಕದಲ್ಲಿ ಕುಳಿತು ಒಂದು ಚರಣ ಕೇಳುತ್ತಾಳೆ, ಪದ ಹತ್ತಿದರೆ ಅವರು ತಲೆಯಾಡಿಸುತ್ತಾರೆ, ಹತ್ತದಿದ್ದರೆ ನಾನು ಗುಂಡಿಯನ್ನು ಇಳಿಸುತ್ತೇನೆ.

ಮುಂದಿನ ಹಬ್ಬಕ್ಕೆ ಹೊಸದುರ್ಗದವರು ಪೆಟ್ಟಿಗೆಯನ್ನು ಕೇಳಿದ್ದಾರೆ. ಸಂತೋಷದಿಂದ ಒಯ್ಯಲಿ. ಶನಿವಾರದ ಅಭ್ಯಾಸದೊಳಗೆ ಹಿಂದಿರುಗಿಸಲಿ, ಕಳೆದ ಸಲದಂತೆ ವಿದ್ಯುತ್ ತಂತಿಯನ್ನು ಅಲ್ಲಿಯೇ ಬಿಟ್ಟು ಬಾರದಿರಲಿ.