‘ತಣಿ’ ಎಂಬ ಶಬ್ದದ ಅರ್ಥವೂ ಪ್ರಯೋಗವೂ

 

ಶ್ರೀಗಳವರ ಅಪ್ಪಣೆಯಾದ ಮೇರೆಗೆ ‘ತಣಿ’ ಎಂಬ ಸಣ್ಣ ಶಬ್ದವೊಂದನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸುವೆನು. ಇದು ಅಚ್ಚಗನ್ನಡದ ಧಾತು. ತಣ್ಣೀರು, ತಂಗಾಳಿ, ತಂಪು ಎಂಬವುಗಳಲ್ಲಿರುವ ‘ತಣ್’ ಎಂಬುದೇ ಇದರ ಮೂಲವು. ತಮಿಳಿನಲ್ಲಿಯೂ ಇದೇ ರೂಪವುಂಟು. ಯುದ್ಧಾನಂತರ ಷಣ್ಮುಖನ ಕೋಪವು ತಣಿದ ಬೆಟ್ಟವಾದುದರಿಂದ ತಿರುತ್ತಣಿಗೆ ಆ ಹೆಸರು ಬಂದಿತೆಂದು ಅಲ್ಲಿಯ ಸ್ಥಳಪುರಾಣವು ಹೇಳುತ್ತದೆ.

ಕೋಪವು ಅಡಗಿತು, ಆರಿತು, ತಣಿಯಿತು ಎಂದು ಮೂರು ಬಗೆಯಾಗಿ ಹೇಳುವುದುಂಟು. ಮೂರೂ ಒಂದೇ ಅಲ್ಲ. ಅಡಗಿದುದು ಮರೆಯಲ್ಲಿ ಕುಳಿತಿರುವುದು. ಸಮಯ ಬಂದರೆ ಹೊರಡುವುದು. ಆರಿದುದು ದೀಪದಂತೆ ನಂದಿದುದು, ಹಿಂದೆ ಕತ್ತಲೆಯುಳಿಯಬಹುದು. ತಣಿದುದಾದರೋ ಉರಿಯಿದ್ದ ಎಡೆಯಲ್ಲಿಯೇ ತಂಪು ನೆಲೆಗೊಂಡುದು. ಆದುದರಿಂದಲೇ ಹಸಿವೆಯೂ ನೀರಡಿಕೆಯೂ ತಣಿಯುತ್ತವೆ. ‘ಮನದಣಿಯೆ’ ಎಂಬಲ್ಲಿ ಕೆಲವರು ‘ದಣಿ’ ಎಂದು ಬಗೆದು, ಮನಸ್ಸು ಆಯಾಸಗೊಳ್ಳುವಷ್ಟು ಎಂದು ಅರ್ಥ ಮಾಡುವರು. ಅದು ಸಲ್ಲದು. ತಕಾರಕ್ಕೆ ದಕಾರವು ಆದೇಶವಾಗಿ ಬಂದಿದೆ, ಅಷ್ಟೆ.

ಸಂಸ್ಕೃತದ ‘ಪ್ರಸನ್ನ’ ಶಬ್ದದ ದಾರಿ ಬೇರೆ. ಅಲ್ಲಿಯ ‘ಸದ್’ ಧಾತುವಿಗೆ ಕುಳಿತುಕೊಳ್ಳುವುದೆಂದು ಅರ್ಥ. ಕದಡಿದ ನೀರಿನ ಕೆಸರು ಕೆಳಗೆ ಕುಳಿತರೆ ನೀರು ಪ್ರಸನ್ನವಾಯಿತೆನ್ನುವರು. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವೂ ಅದೇ ಧಾತುವಿನದು. ಅವರು ಕೆಸರನ್ನು ಕಂಡರು, ನಮ್ಮ ಹಿರಿಯರು ಉರಿಯನ್ನು ಕಂಡರು.

‘ತಣಿ’ ಅಕರ್ಮಕ, ‘ತಣಿಸು’ ಪ್ರೇರಣಾರ್ಥಕ. ತಣಿಸಿದೆನೆಂದು ನಾವು ಹೇಳಿಕೊಳ್ಳಬಹುದು. ತಣಿದೆನೆಂಬ ಮಾತು ನೊಂದವನ ಬಾಯಿಂದಲೇ ಬರತಕ್ಕದ್ದು. ಈ ವ್ಯಾಕರಣವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಪಾಠಶಾಲೆಯಲ್ಲಿದ್ದಾಗ, ಸಹಪಾಠಿಯೊಬ್ಬನು ಅಮರಕೋಶವನ್ನು ಬರೆದುಕೊಂಡಿದ್ದ ಪುಸ್ತಕವನ್ನು ಜಗಳದಲ್ಲಿ ಕೆರೆಗೆ ಎಸೆದೆನು. ಬಳಿಕ ಹೆದರಿ ಗುರುಗಳ ಪಾದಕ್ಕೆ ಬಿದ್ದು, “ಬುದ್ಧೀ, ತಾವು ತಣಿಯಬೇಕು” ಎಂದೆನು. ಅವರು, “ಉರಿ ಹತ್ತಿದುದು ನನಗಲ್ಲವಪ್ಪಾ; ಹತ್ತಿದವನ ಬಳಿಗೆ ಹೋಗು” ಎಂದು ಅಪ್ಪಣೆ ಕೊಡಿಸಿದರು. ಒಂದು ತಿಂಗಳು ರಾತ್ರಿಯೆಲ್ಲ ಕುಳಿತು ಪ್ರಥಮ ಕಾಂಡವನ್ನು ಬರೆದುಕೊಟ್ಟೆನು. ಅವನು ತೆಗೆದುಕೊಂಡನು, ಮಾತನಾಡಲಿಲ್ಲ. ಮೂರನೆಯ ದಿನ ದಾಸೋಹದ ಪಂಕ್ತಿಯಲ್ಲಿ ತುಸು ಸರಿದು ನನಗೆ ಸ್ಥಳ ಕೊಟ್ಟನು. ತಣಿದೆಯಾ ಎಂದು ನಾನು ಕೇಳಲಿಲ್ಲ.